ತೊಳೆದ ಮಣ್ಣು

ಆ ಬೀದಿಯಲ್ಲಿ ಅವಳ ಸ್ವಂತ ಹೆಸರು ಗೊತ್ತಿದ್ದವರು ಇಬ್ಬರೋ ಮೂವರೋ. ಉಳಿದವರಿಗೆಲ್ಲ ಅವಳು ಲಾಂಡ್ರಿ ದೊಡ್ಡಮ್ಮ. ಇಪ್ಪತ್ತೆಂಟು ವರ್ಷ ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆಯ ಬಟ್ಟೆ ಒಗೆದವಳು. ಕೆಲಸ ಬಿಟ್ಟ ಮೇಲೂ ಕೈ ಸುಮ್ಮನಿರಲಿಲ್ಲ. ಮನೆಯ ಹಿತ್ತಿಲಲ್ಲೇ ಎರಡು ಸಿಮೆಂಟಿನ ತೊಟ್ಟಿ ಕಟ್ಟಿಸಿಕೊಂಡು, ಎರಡು ಲಾಡ್ಜುಗಳ ಹೊದಿಕೆ, ಪರದೆ ತರಿಸಿಕೊಂಡು ಒಗೆಯುತ್ತಿದ್ದಳು. ಯಾವ ಬಟ್ಟೆ ಯಾವ ಲಾಡ್ಜಿನದು ಎಂದು ತಿಳಿಯಲು ಒಂದರ ಅಂಚಿಗೆ ಕೆಂಪು ದಾರದ ಗಂಟು, ಇನ್ನೊಂದಕ್ಕೆ ಏನೂ ಇಲ್ಲ. ಹನ್ನೆರಡು ವರ್ಷದಲ್ಲಿ ಒಂದು ದಿಂಬಿನ ಚೀಲ ಕೂಡ ಅದಲುಬದಲಾಗಿರಲಿಲ್ಲ.

ಬಿಳಿ ಎಂದರೆ ಅವಳಿಗೆ ಪ್ರಾಣ. ಒಂದು ಹಿಡಿ ಸೋಡಾ ಸಾಕಾಗುವ ಕಡೆ ಮೂರು ಹಿಡಿ ಸುರಿಯುವಳು. ಒಗೆದು ಮುಗಿದ ಮೇಲೆ ತೊಟ್ಟಿಯ ಬುಡದ ಬಿರಟೆ ಕಿತ್ತರೆ ಆ ನೀರೆಲ್ಲ ನೊರೆ ನೊರೆಯಾಗಿ ಹಿತ್ತಿಲ ಉದ್ದಕ್ಕೂ ಹರಿದು ಇಂಗುತ್ತಿತ್ತು. ಹಿತ್ತಿಲಿನ ಮೂಲೆಯಲ್ಲಿ ಒಂದು ಸೀಬೆಮರ. ಅದರ ಒಂದು ಎಲೆ ನೆಲದ ಮೇಲೆ ಬಿದ್ದು ಅರ್ಧ ಗಂಟೆ ಇದ್ದರೆ ಅವಳಿಗೆ ಮೈಯೆಲ್ಲ ತುರಿಸಿದಂತಾಗುವುದು. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಗುಡಿಸಿ, ಎಲೆ, ಬಟ್ಟೆಯ ಜುಂಗು, ತರಕಾರಿ ಸಿಪ್ಪೆ ಎಲ್ಲವನ್ನೂ ಮೊರದಲ್ಲಿ ತುಂಬಿ ಗೋಡೆಯಾಚೆ ಎಸೆದುಬಿಡುವಳು.

ಗೋಡೆಯಾಚೆ ಅವಳ ವಾರಗಿತ್ತಿಯ ಮನೆ. ಒಂದೇ ಜಾಗ, ಅಣ್ಣನಿಗರ್ಧ ತಮ್ಮನಿಗರ್ಧ ಎಂದು ಎದೆಮಟ್ಟದ ಗೋಡೆ ಹಾಕಿ, ಓಡಾಟಕ್ಕೆ ಒಂದು ಸಣ್ಣ ಗೇಟು ಇಟ್ಟಿದ್ದರು. ಮೈದುನ ಲಾರಿ ಓಡಿಸುವವನು, ಹದಿನೈದು ದಿನಕ್ಕೊಮ್ಮೆ ಮುಖ ತೋರಿಸುವವನು. ಅವನ ಹೆಂಡತಿ ಮಧ್ಯಾಹ್ನದ ಮೇಲೆ ಹೊಲಿಗೆ ಘಟಕಕ್ಕೆ ಹೋಗುವಳು, ಬೆಳಿಗ್ಗೆಯೆಲ್ಲ ಹಿತ್ತಿಲಲ್ಲಿ ಮಣ್ಣು ಕೆದಕುವಳು. ಸೀರೆಯಂಚು ಯಾವಾಗಲೂ ಕೆಸರು. ಒಗೆಯಲು ಸೋಡಾ ಬೇಕೇನೇ ಎಂದು ದೊಡ್ಡಮ್ಮ ಕೇಳಿದರೆ, "ನಾಳೆ ಮತ್ತೆ ಆಗೋ ಕೆಸರಿಗೆ ಯಾಕಕ್ಕ ಸೋಡಾ?" ಎಂದು ನಕ್ಕುಬಿಡುವಳು. ಅಂಥವಳ ಹಿತ್ತಿಲಿಗೆ ಒಂದು ಮೊರ ಎಲೆ ಹೆಚ್ಚಾದರೆ ಏನು, ಕಡಿಮೆಯಾದರೆ ಏನು? ದೊಡ್ಡಮ್ಮನ ಲೆಕ್ಕಾಚಾರ ಇದು.

ಇಷ್ಟರಲ್ಲೇ ಇದ್ದಿದ್ದರೆ ಯಾರ ನಿದ್ದೆಯೂ ಕೆಡುತ್ತಿರಲಿಲ್ಲ. ಕೆಟ್ಟಿದ್ದು ಯಜಮಾನರಿಂದ.

ಯಜಮಾನರು ನಲವತ್ತು ವರ್ಷ ಕೈಗಡಿಯಾರ ರಿಪೇರಿ ಮಾಡಿದವರು. ಕಣ್ಣಿಗೊಂದು ಭೂತಗನ್ನಡಿ ಸಿಕ್ಕಿಸಿಕೊಂಡು, ಚಿಮಟದಲ್ಲಿ ಕೂದಲಿನಷ್ಟು ಸಣ್ಣ ತಿರುಪು ಹಿಡಿದು ಕೂತರೆ ಉಸಿರಾಡುತ್ತಾರೋ ಇಲ್ಲವೋ ಎಂದು ನೋಡಬೇಕು, ಅಷ್ಟು ನಿಶ್ಚಲ. ಹೋದ ವರ್ಷದಿಂದ ಆ ಕೈ ನಡುಗತೊಡಗಿತು. ಮೊದಲು ಕಾಫಿ ಲೋಟದಲ್ಲಿ ಅಲೆ ಎದ್ದಿತು, ಆಮೇಲೆ ತಿರುಪುಗಳು ನೆಲಕ್ಕೆ ಬಿದ್ದು ಕಳೆದುಹೋದವು. ಒಂದು ದಿನ ಅಂಗಡಿಯ ಬಾಗಿಲು ಹಾಕಿ ಬೀಗದ ಕೈಯನ್ನು ಮನೆಯ ಮೊಳೆಗೆ ನೇತುಹಾಕಿದರು. ಯಾಕೆಂದು ಕೇಳುವ ಬದಲು ದೊಡ್ಡಮ್ಮ ಆ ಮೊಳೆಯ ಸುತ್ತಲಿನ ಧೂಳು ಒರೆಸಿದಳು.

ಆಮೇಲೆ ಒಂದು ತಿಂಗಳು ಮನೆಯಲ್ಲಿ ಕುಳಿತರು. ಎರಡನೇ ತಿಂಗಳು ಗೇಟು ದಾಟಿ ಆಚೆ ಹಿತ್ತಿಲಿಗೆ ಹೋಗಲು ಶುರು ಮಾಡಿದರು.

ದೊಡ್ಡಮ್ಮ ತೊಟ್ಟಿಯಲ್ಲಿ ಹೊದಿಕೆ ತುಳಿಯುತ್ತಿದ್ದಾಗ ಒಂದು ಬೆಳಿಗ್ಗೆ ಗೋಡೆಯಾಚೆಯಿಂದ ನಗು ಕೇಳಿಸಿತು. ಗಂಡಸಿನ ನಗು. ತುಳಿಯುತ್ತಿದ್ದ ಕಾಲು ನಿಂತಿತು. ಆ ನಗುವನ್ನು ಅವಳು ಎಲ್ಲೋ ಕೇಳಿದ್ದಳು. ಎಲ್ಲಿ? ಮದುವೆಯಾದ ಹೊಸತರಲ್ಲಿ, ಈ ಮನೆಯ ಅಡುಗೆಕೋಣೆಯಲ್ಲೇ. ಅರವತ್ತಮೂರನೇ ವಯಸ್ಸಿನಲ್ಲಿ, ಮೊಣಕಾಲುದ್ದ ಸೋಡಾ ನೀರಿನಲ್ಲಿ ನಿಂತು, ಅವಳಿಗೆ ಹೊಟ್ಟೆಕಿಚ್ಚು ಹತ್ತಿಕೊಂಡಿತು. ತಪ್ಪು ಸಂಬಂಧದ ಅನುಮಾನವಲ್ಲ ಅದು. ಆ ವಾರಗಿತ್ತಿ ಭಾವ ಭಾವ ಎನ್ನುತ್ತ ಮಗಳಂತೆ ಇದ್ದವಳು. ಆದರೆ ಆ ನಗು ತನ್ನ ಮನೆಯ ಆಸ್ತಿ, ಅದು ಗೋಡೆಯಾಚೆ ಖರ್ಚಾಗುತ್ತಿದೆಯಲ್ಲ ಎಂಬ ಸಂಕಟ.

ಊಟದ ಹೊತ್ತಿಗೆ ಯಜಮಾನರು ಹೆಗಲ ಟವಲಿನಲ್ಲಿ ಏನೋ ಕಟ್ಟಿಕೊಂಡು ಬಂದರು.

"ಏನ್ರೀ ಅದು?"

"ಹುರುಳಿಕಾಯಿ. ಎಳೇದು. ಹಸೀದೇ ಎರಡು ತಿಂದೆ ನೋಡು, ಸಕ್ಕರೆ ಸಕ್ಕರೆ."

"ನಲವತ್ತು ವರ್ಷ ಬೇಯಿಸಿ ಹಾಕಿದ್ದಕ್ಕೆ ಒಂದು ಮಾತಿಲ್ಲ, ಈಗ ಹಸೀದು ಸಕ್ಕರೆ ಆಯ್ತಾ?"

ಅವಳು ಆ ಕಾಯನ್ನು ಮುದ್ದೆಯಾಗುವಷ್ಟು ಬೇಯಿಸಿ ಬಡಿಸಿದಳು. ತಾನೂ ಒಂದು ತುತ್ತು ತಿಂದು ಮುಖ ಸಿಂಡರಿಸಿ, "ಬರೀ ನಾರು" ಎಂದಳು.

"ನಾರೆಲ್ಲಿದೆಯೇ? ಬೆಣ್ಣೆ ಇದ್ದ ಹಾಗಿದೆ."

"ನಿಮ್ಮ ಹಲ್ಲಿಗೆಲ್ಲಿ ಗೊತ್ತಾಗುತ್ತೆ? ಅದು ಕಟ್ಟಿಸಿದ್ದು."

ದಿನಾ ಹೀಗೇ ನಡೆಯಿತು. ಇವತ್ತು ಬದನೆ, ನಾಳೆ ಟೊಮೆಟೊ. ಗೇಟಿನ ಚಿಲಕ ಕಿರ್ರೆಂದರೆ ಸಾಕು, ದೊಡ್ಡಮ್ಮನ ಕಿವಿ ನಿಮಿರುವುದು. ಕೊನೆಗೆ ಅವಳು ಒಂದು ತೀರ್ಮಾನಕ್ಕೆ ಬಂದಳು: ಈ ಮನುಷ್ಯನನ್ನು ಕಟ್ಟಿಹಾಕಿರುವುದು ಕಾಯಿಪಲ್ಲೆ. ಅದನ್ನು ತಾನೂ ಬೆಳೆದರಾಯಿತು, ತಾನಾಗಿ ಈಚೆ ಬರುತ್ತಾರೆ.

ತೊಟ್ಟಿಯ ಪಕ್ಕದ ಜಾಗದಲ್ಲಿ ಹುರುಳಿಕಾಯಿ ಬೀಜ ಹಾಕಿದಳು. ನೆಲ ಹಂಚಿನಂತೆ ಗಟ್ಟಿ. ಬೆರಳು ಹೋಗದೆ ಹಳೆಯ ಸೌಟಿನಿಂದ ತೂತು ಕೊರೆಯಬೇಕಾಯಿತು. ಹಾಕಿದ ಇಪ್ಪತ್ತು ಬೀಜದಲ್ಲಿ ಆರು ಮೊಳೆತವು. ಎರಡೆಲೆ ಬಿಟ್ಟವು, ಹಳದಿಯಾದವು, ಅಂಚು ಸುಟ್ಟಂತೆ ಮುರುಟಿಕೊಂಡವು, ಹತ್ತನೇ ದಿನಕ್ಕೆ ತಲೆ ಬಗ್ಗಿಸಿದವು. ಅವನ್ನು ಕಿತ್ತು, ಯಾರೂ ನೋಡದ ಹಾಗೆ ಮೊರಕ್ಕೆ ಹಾಕಿ, ಅಭ್ಯಾಸಬಲದಿಂದ ಗೋಡೆಯಾಚೆ ಎಸೆದಳು. ಎಸೆದ ಮೇಲೆ ನಾಲಿಗೆ ಕಚ್ಚಿಕೊಂಡಳು. ವಾರಗಿತ್ತಿ ನೋಡಿದರೆ?

ಬಸ್ ನಿಲ್ದಾಣದ ಹಿಂದೆ ಮಣ್ಣು ಪರೀಕ್ಷೆ ಮಾಡುವ ಕಚೇರಿ ಇದೆಯೆಂದು ಹೊದಿಕೆ ತಂದುಕೊಡುವ ಆಟೋದವನು ಹೇಳಿದ. ದೊಡ್ಡಮ್ಮ ಮಾರನೆಯ ದಿನವೇ ಹೊರಟಳು. ಆದರೆ ಮಣ್ಣನ್ನು ಹಾಗೆಯೇ ಹೇಗೆ ಒಯ್ಯುವುದು? ಕಸ, ಕಡ್ಡಿ, ಬೇರು, ಎರಡು ಇರುವೆ. ಪರರ ಕಣ್ಣಿಗೆ ಬೀಳುವ ಯಾವುದನ್ನೂ ಕೊಳೆಯಾಗಿ ಕಳಿಸಿದ ಮನೆಯಲ್ಲ ಅದು. ಎರಡು ಹಿಡಿ ಮಣ್ಣನ್ನು ಬೋಗುಣಿಗೆ ಹಾಕಿ, ನೀರು ಬಿಟ್ಟು, ಅಕ್ಕಿ ತೊಳೆದ ಹಾಗೆ ಏಳು ನೀರಿನಲ್ಲಿ ತೊಳೆದಳು. ಬಗ್ಗಡವೆಲ್ಲ ಹೋಗಿ ನೀರು ತಿಳಿಯಾಗುವವರೆಗೆ ಬಿಡಲಿಲ್ಲ. ತೆಳು ಬಟ್ಟೆಯ ಮೇಲೆ ಒಣಗಿಸಿ, ಇಸ್ತ್ರಿ ಮಾಡಿದ ಚೀಲಕ್ಕೆ ತುಂಬಿ, ಬಾಯಿ ಹೊಲಿದು ತೆಗೆದುಕೊಂಡು ಹೋದಳು.

ಕಚೇರಿಯ ಮೇಜಿನ ಹಿಂದೆ ಚಷ್ಮಾ ಹಾಕಿದ ಒಬ್ಬ ಹೆಂಗಸು, ದೊಡ್ಡಮ್ಮನ ಮಗಳ ವಯಸ್ಸಿನವಳು. ಚೀಲ ಬಿಚ್ಚಿ ಅಂಗೈಗೆ ಸುರಿದುಕೊಂಡಳು. ಬೆರಳಲ್ಲಿ ಆಡಿಸಿದಳು. ಇನ್ನೊಂದು ಸಲ ಆಡಿಸಿದಳು.

"ಅಮ್ಮ, ಇದು ಮಣ್ಣೋ ರವೆಯೋ?"

"ನಮ್ಮ ಹಿತ್ತಿಲದ್ದೇ ಕಣಮ್ಮ. ತೊಳೆದು ತಂದಿದೀನಿ."

"ತೊಳೆದು?"

"ಮತ್ತೆ ಕೊಳೇದು ತರಕ್ಕಾಗುತ್ತಾ?"

ಆ ಹೆಂಗಸು ನಗದಿರಲು ಬಾಯಿಗೆ ಕೈ ಅಡ್ಡ ಹಿಡಿದಳು. ಆದರೆ ಒಳ್ಳೆಯವಳು. ಎದ್ದು ಬಂದು ಪಕ್ಕದಲ್ಲಿ ಕುಳಿತು ಹೇಳಿಕೊಟ್ಟಳು. "ನೀವು ತೊಳೆದು ಚೆಲ್ಲಿದ್ದೇ ಅಮ್ಮ ನನಗೆ ಬೇಕಾಗಿದ್ದು. ಉಳಿದಿರೋದು ಬರೀ ಮರಳು. ನೋಡಿ, ಹಿತ್ತಿಲಲ್ಲಿ ಐದಾರು ಕಡೆ ಗೇಣುದ್ದ ಗುಂಡಿ ತೋಡಿ, ಗುಂಡಿಯ ಪಕ್ಕದಿಂದ ಮೇಲಿಂದ ಕೆಳಗಿನ ತನಕ ಒಂದು ಹೋಳು ಕೆತ್ತಿಕೊಳ್ಳಿ. ಎಲ್ಲಾ ಸೇರಿಸಿ ಹರಡಿ. ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡು ಭಾಗ ಬಿಸಾಕಿ. ಉಳಿದಿದ್ದನ್ನ ಮತ್ತೆ ಹಾಗೇ. ಅರ್ಧ ಕೇಜಿ ಉಳಿಯೋ ತನಕ. ನೆರಳಲ್ಲಿ ಒಣಗಿಸಿ. ತೊಳೀಬೇಡಿ!"

"ಎರಡು ಹಿತ್ತಿಲದ್ದು ತಂದರೆ?"

"ಎರಡು ಚೀಲ ಮಾಡಿ, ಗುರುತು ಹಾಕಿ."

ಗುರುತು ಹಾಕುವುದನ್ನು ದೊಡ್ಡಮ್ಮನಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಮಾರನೆಯ ಮಧ್ಯಾಹ್ನ ವಾರಗಿತ್ತಿ ಹೊಲಿಗೆಗೆ ಹೋದಳು, ಯಜಮಾನರು ಊಟ ಮಾಡಿ ಅಡ್ಡಾದರು. ದೊಡ್ಡಮ್ಮ ಸೌಟು ಹಿಡಿದು ಗೇಟಿನ ಚಿಲಕಕ್ಕೆ ಮೊದಲೇ ಒಂದು ತೊಟ್ಟು ಎಣ್ಣೆ ಬಿಟ್ಟು ಆಚೆ ಹೋದಳು. ಬದನೆಯ ಬುಡದಲ್ಲಿ ಸೌಟು ಊರಿದರೆ ತಾನಾಗಿಯೇ ಇಳಿದುಹೋಯಿತು, ಗಟ್ಟಿ ಮೊಸರಿಗೆ ಇಳಿದ ಹಾಗೆ. ಕಪ್ಪು ಮಣ್ಣು. ಹಿಡಿದು ಅದುಮಿದರೆ ಉಂಡೆ, ಬೆರಳು ತಾಗಿಸಿದರೆ ಪುಡಿ. ಮೂಸಿ ನೋಡಿದಳು. ಹೊಸ ಮಳೆಯ ವಾಸನೆ. ದೇವರೇ, ಇವಳಿಗೆ ಮಣ್ಣಿನಲ್ಲೂ ಇಷ್ಟು ಸುಖವೇ? ಐದು ಕಡೆ ತೋಡಿ ತೆಗೆದಳು. ಗುಂಡಿ ಮುಚ್ಚಿದಳು. ಹೊರಡುವಾಗ, ಕೈ ಕೇಳಬೇಕಲ್ಲ, ಐದೂ ಜಾಗ ಚೊಕ್ಕಟವಾಗಿ ಗುಡಿಸಿ ಬಂದಳು.

ಸಂಜೆ ಗೋಡೆಯಾಚೆಯಿಂದ ವಾರಗಿತ್ತಿಯ ದನಿ: "ಭಾವ, ಬನ್ನಿ ಇಲ್ಲಿ! ಯಾವುದೋ ಹೆಗ್ಗಣ ಐದು ಕಡೆ ತೋಡಿದೆ. ತೋಡಿ ಮುಚ್ಚಿ, ಮೇಲೆ ಕಸಬರಿಕೆಯಲ್ಲಿ ಗುಡಿಸಿಟ್ಟು ಹೋಗಿದೆ. ಇಂಥಾ ಮರ್ಯಾದಸ್ಥ ಹೆಗ್ಗಣ ನಾನು ಕಂಡೇ ಇಲ್ಲ!"

ಯಜಮಾನರು ಬಿದ್ದು ಬಿದ್ದು ನಕ್ಕರು. ದೊಡ್ಡಮ್ಮ ಈಚೆ ದಿಂಬಿನ ಚೀಲ ಹಿಂಡುತ್ತಿದ್ದಳು. ಅದರ ಹೊಲಿಗೆ ಬಿಟ್ಟಿತು.

ಎರಡು ಚೀಲ ಕಚೇರಿಗೆ ಕೊಟ್ಟಾಯಿತು. ತನ್ನದಕ್ಕೆ ಕೆಂಪು ದಾರ, ವಾರಗಿತ್ತಿಯದಕ್ಕೆ ಏನೂ ಇಲ್ಲ. ಫಲಿತಾಂಶಕ್ಕೆ ಹತ್ತು ದಿನ ಎಂದರು. "ಅಲ್ಲೀ ತನಕ ಮನೆಯಲ್ಲೇ ಒಂದು ನೋಡಿ," ಎಂದು ಚಷ್ಮಾದವಳು ಇನ್ನೊಂದು ಹೇಳಿಕೊಟ್ಟಿದ್ದಳು. ಗಾಜಿನ ಬಾಟಲಿಯಲ್ಲಿ ಮೂರನೇ ಒಂದು ಭಾಗ ಮಣ್ಣು, ಮೇಲೆ ನೀರು, ಚೆನ್ನಾಗಿ ಅಲ್ಲಾಡಿಸಿ ಅಲುಗದ ಕಡೆ ಇಡುವುದು. ಮರಳು ಮೊದಲು ಕೂರುತ್ತದೆ, ಅದರ ಮೇಲೆ ನಯ ಮಣ್ಣು, ಅದರ ಮೇಲೆ ಜೇಡಿ. ದೊಡ್ಡಮ್ಮ ಎರಡು ಬಾಟಲಿಯನ್ನು ಅಡುಗೆಕೋಣೆಯ ಕಿಟಕಿಯಲ್ಲಿಟ್ಟಳು.

ಬೆಳಿಗ್ಗೆ ಎದ್ದು ನೋಡಿದರೆ ವಾರಗಿತ್ತಿಯ ಮಣ್ಣಿನ ಬಾಟಲಿಯ ನೀರು ತಿಳಿಯಾಗಿ, ಕೆಳಗೆ ಪದರ ಪದರವಾಗಿ ಕೂತಿತ್ತು. ತನ್ನದು? ಹಿಟ್ಟು ಕಲಸಿದ ನೀರಿನಂತೆ ಬಗ್ಗಡ. ಎರಡನೇ ದಿನವೂ ಬಗ್ಗಡ. ಮೂರನೇ ದಿನವೂ. ಜೀವಮಾನವೆಲ್ಲ ನೀರು ತಿಳಿಯಾಗುವ ತನಕ ಬಟ್ಟೆ ಅಲುಬಿದವಳಿಗೆ ಆ ಬಾಟಲಿ ಮುಖಕ್ಕೆ ಹೊಡೆದ ಹಾಗಿತ್ತು.

"ಇದೇನೇ ಕಿಟಕೀಲಿ?" ಯಜಮಾನರು ಕೇಳಿದರು.

"ಗಂಜಿ."

"ಎರಡು ಬಣ್ಣದ ಗಂಜಿನಾ?" ಅವರು ಬೀಗದ ಕೈಯ ಜೊತೆ ಮೊಳೆಗೆ ನೇತುಹಾಕಿದ್ದ ಭೂತಗನ್ನಡಿ ತೆಗೆದು ಕಣ್ಣಿಗೆ ಸಿಕ್ಕಿಸಿಕೊಂಡು ಬಗ್ಗಿದರು. ತಿಳಿನೀರಿನ ಬಾಟಲಿಯನ್ನು ಬಹಳ ಹೊತ್ತು ನೋಡಿದರು. "ಇದು ಆಚೆ ಕಡೆ ಕಪ್ಪು ಮಣ್ಣು. ಮೇಲೆ ತೇಲ್ತಿದೆ ನೋಡು, ಎಲೆಯ ನರ. ಸೀಬೆ ಎಲೆ. ಅವಳ ಹಿತ್ತಿಲಲ್ಲಿ ಸೀಬೆಮರ ಎಲ್ಲಿದೆ?" ಮತ್ತೆ ಬಗ್ಗಿದರು. "ಇನ್ನೊಂದಿದೆ. ಕೆಂಪು ದಾರ. ಗಂಟು ಹಾಕಿದ್ದು."

ದೊಡ್ಡಮ್ಮ ಒಲೆಯ ಕಡೆ ತಿರುಗಿ ನಿಂತಳು.

ಹತ್ತನೇ ದಿನ ಚಷ್ಮಾದವಳು ಎರಡು ಚೀಟಿ ಹಿಡಿದು ಕುಳಿತಿದ್ದಳು. "ಈ ಕೆಂಪು ದಾರದ್ದು ಸುಸ್ತಾಗಿದೆ ಅಮ್ಮ. ರಸಸಾರ ಒಂಬತ್ತು ದಾಟಿದೆ. ಅಂದ್ರೆ ಕ್ಷಾರ ತುಂಬಿಕೊಂಡಿದೆ. ಎಲೆ, ಗೊಬ್ಬರದ ಅಂಶ ಇಲ್ಲವೇ ಇಲ್ಲ. ಏನಾದ್ರೂ ಸೋಡಾ ನೀರು ಬೀಳುತ್ತಾ?"

ದೊಡ್ಡಮ್ಮನ ತಲೆಯಲ್ಲಿ ಹನ್ನೆರಡು ವರ್ಷದ ನೊರೆ ಹರಿದುಹೋಯಿತು.

"ಇನ್ನೊಂದು ಮಾತ್ರ ಬಂಗಾರ. ವರ್ಷಗಟ್ಟಲೆ ಯಾರೋ ಪುಣ್ಯಾತ್ಮರು ಎಲೆ, ಸಿಪ್ಪೆ ಹಾಕ್ಕೊಂಡು ಬಂದಿದಾರೆ."

"ಆ ಪುಣ್ಯಾತ್ಗಿತ್ತಿ ನಾನೇ ಕಣಮ್ಮ," ಎಂದಳು ದೊಡ್ಡಮ್ಮ. ಮುಖ ಕಪ್ಪಿಟ್ಟಿತ್ತು.

ಚಷ್ಮಾದವಳಿಗೆ ಅರ್ಥವಾಗಲಿಲ್ಲ. ಮಾಡಬೇಕಾದ್ದನ್ನು ನಿಧಾನವಾಗಿ ಹೇಳಿದಳು. ಸೋಡಾ ನೀರನ್ನು ಚರಂಡಿಗೆ ಬಿಡಬೇಕು. ನೆಲ ಅಗೆದು, ಎದ್ದ ಗಟ್ಟಿ ಮಣ್ಣಿನ ಹೆಂಟೆ ಒಡೆದು ಪುಡಿ ಮಾಡಬೇಕು. ಜಿಪ್ಸಂ ಪುಡಿ ಬೆರೆಸಿ, ಒಳ್ಳೆಯ ನೀರು ನಿಲ್ಲಿಸಿ ಇಂಗಿಸಬೇಕು, ಕ್ಷಾರ ಕೆಳಗಿಳಿಯಲಿ. ಆಮೇಲೆ ಎಲೆ, ಗೊಬ್ಬರ. ಮತ್ತೆ ಅಗೆತ. "ಒಂದು ವರ್ಷ ಹಿಡಿಯುತ್ತೆ. ಅವಸರ ಮಾಡಿದರೆ ಆಗಲ್ಲ."

ದಾರಿಯುದ್ದಕ್ಕೂ ಅವಳಿಗೆ ಒಂದೇ ಕುದಿತ. ನನ್ನ ಮರದ ಎಲೆ, ನನ್ನ ಮೊರ, ನನ್ನ ಕೈ. ತಿಂದಿದ್ದು ಅವಳ ಬದನೆ. ಆ ಬದನೆಯ ಬುಡದಲ್ಲಿ ಕೂತು ನಗುವುದು ನನ್ನ ಗಂಡ. ಅಂದಿನಿಂದ ಒಂದು ಎಲೆಯನ್ನೂ ಆಚೆ ಹಾಕಲಿಲ್ಲ. ಸೀಬೆಮರದ ಬುಡದಲ್ಲೇ ರಾಶಿ ಮಾಡಿ, ಹಾರಿಹೋಗದ ಹಾಗೆ ಮೇಲೊಂದು ಹಳೆಯ ಹೊದಿಕೆ ಮುಚ್ಚಿಟ್ಟಳು.

ನಾಲ್ಕನೇ ಬೆಳಿಗ್ಗೆ ಗೇಟು ತೆರೆಯಿತು. ವಾರಗಿತ್ತಿ ಕೆಸರುಗಾಲಿನಲ್ಲೇ ಓಡಿಬಂದಳು.

"ಅಕ್ಕ, ಹುಷಾರಾಗಿದೀಯಾ?"

"ನನಗೇನಾಗಿದೆ?"

"ನಾಲ್ಕು ದಿನದಿಂದ ಎಲೆ ಬಿದ್ದಿಲ್ಲ. ದಿನಾ ಆರೂವರೆಗೆ ದೊಪ್ಪಂತ ಬೀಳ್ತಿತ್ತು. ಅಕ್ಕ ಎದ್ದಳು ಅಂದ್ಕೊಂಡು ನಾನು ಒಲೆ ಹಚ್ತಿದ್ದೆ. ಭಾವನ್ನ ಕೇಳಿದರೆ, ನೀನೇ ಹೋಗಿ ಕೇಳು ಅಂದ್ರು."

"ನಾನು ಎಸೀತಿದ್ದಿದ್ದು ನಿನಗೆ ಗೊತ್ತಿತ್ತಾ?"

"ಆಕಾಶದಿಂದ ಕೆಂಪು ದಾರ ಉದುರುತ್ತಾ ಅಕ್ಕ?"

"ಮತ್ತೆ ಹನ್ನೆರಡು ವರ್ಷ ಜಗಳಕ್ಕೆ ಯಾಕೆ ಬರಲಿಲ್ಲ?"

"ಜಗಳ ಆಡಿದ್ರೆ ನೀನು ನಿಲ್ಲಿಸ್ಬಿಡ್ತಿದ್ದೆ. ನನ್ನ ಬದನೆ ಗತಿ?" ಅವಳು ಸೆರಗಿನಿಂದ ನಾಲ್ಕು ಬದನೆ ತೆಗೆದು ತೊಟ್ಟಿಯ ಕಟ್ಟೆಯ ಮೇಲಿಟ್ಟಳು. "ಭಾವನ ಕೈಯಲ್ಲಿ ದಿನಾ ಕಳಿಸ್ತಿದ್ದಿದ್ದು ಸುಮ್ಮನೆ ಅಂದ್ಕೊಂಡ್ಯಾ? ನಿನ್ನ ಪಾಲು ಅದು. ನಾನು ಬರ್ತೀನಿ, ಒಲೆ ಮೇಲೆ ಹಾಲಿದೆ." ಗೇಟಿನವರೆಗೆ ಹೋಗಿ ತಿರುಗಿದಳು. "ಆ ಹೆಗ್ಗಣಕ್ಕೆ ಹೇಳು, ಮುಂದಿನ ಸಲ ನಾನಿದ್ದಾಗಲೇ ಬಂದು ಕೇಳಿ ತಗೊಂಡು ಹೋಗಲಿ. ಕದ್ದು ಬಂದರೆ ಕೊಡಲ್ಲ ಅಂತ."

ದೊಡ್ಡಮ್ಮನಿಗೆ ನಗು ಬಂತು, ಕೋಪವೂ ಬಂತು. ಎರಡರಲ್ಲಿ ಯಾವುದು ಮೊದಲು ಎಂದು ತಿಳಿಯದೆ ಒಳಗೆ ಹೋದರೆ ಯಜಮಾನರು ಟವಲು ಹೆಗಲಿಗೆ ಹಾಕಿಕೊಂಡು ಹೊರಡುತ್ತಿದ್ದರು. ಇಷ್ಟು ದಿನ ನುಂಗಿದ್ದೆಲ್ಲ ಒಮ್ಮೆಗೇ ಹೊರಗೆ ಬಂತು.

"ಅಲ್ಲಿ ಅಂಥದ್ದೇನಿದೆ ರೀ? ಇಲ್ಲಿ ಇಲ್ಲದ್ದು?"

ಯಜಮಾನರು ನಿಂತರು.

"ಇಲ್ಲಿ ಕೂತರೆ ಕಾಲೆತ್ತಿ ಅಂತೀಯ. ಗುಡಿಸ್ತೀಯ. ಆ ಕಡೆ ಕೂತರೆ ಅಲ್ಲೂ ಕಾಲೆತ್ತಿ. ನಾನು ಎಷ್ಟು ಅಂತ ಕಾಲೆತ್ತಲಿ?" ಅವರು ಕೈ ಚಾಚಿದರು. ಅದು ತನ್ನ ಪಾಡಿಗೆ ತಾನು ನಡುಗುತ್ತಿತ್ತು. "ಇದಕ್ಕೆ ತಿರುಪು ಹಿಡಿಯಕ್ಕಾಗಲ್ಲ. ಲೋಟ ಹಿಡಿಯಕ್ಕಾಗಲ್ಲ. ಅಲ್ಲಿ ಮಣ್ಣು ಪುಡಿ ಮಾಡಿ ಭಾವ ಅಂತಾಳೆ. ಮಾಡ್ತೀನಿ. ನಡುಗಿದರೆ ಇನ್ನೂ ಚೆನ್ನಾಗಿ ಪುಡಿಯಾಗುತ್ತೆ. ಮಣ್ಣು ಏನೂ ಅನ್ನಲ್ಲ."

ದೊಡ್ಡಮ್ಮ ಆ ಕೈಯನ್ನೇ ನೋಡಿದಳು. ಒಂದು ವರ್ಷದಿಂದ ನೋಡಿಯೂ ನೋಡದಂತೆ ಇದ್ದ ಕೈ. ಕಾಯಿಪಲ್ಲೆಯಲ್ಲ, ಸಕ್ಕರೆಯಂಥ ಹುರುಳಿಕಾಯಿಯೂ ಅಲ್ಲ. ಆ ಕೈಗೆ ಬೇಕಾಗಿದ್ದು ಒಡೆಯಲು ಒಂದು ಹೆಂಟೆ.

ಅವಳು ಹಾರೆ ತೆಗೆದುಕೊಂಡು ಹಿತ್ತಿಲಿಗೆ ಹೋದಳು. ಬಟ್ಟೆ ತುಳಿದು ತುಳಿದು ಕಬ್ಬಿಣವಾದ ಕಾಲನ್ನು ಊರಿ, ತನ್ನ ಹಂಚಿನಂಥ ನೆಲಕ್ಕೆ ಹಾರೆ ಇಳಿಸಿ ಮೀಟಿದಳು. ಚಪ್ಪಡಿಯಂತೆ ಎದ್ದಿತು. ಇನ್ನೊಂದು. ಮತ್ತೊಂದು. ಒಂದೊಂದು ಹೆಂಟೆ ತಲೆದಿಂಬಿನಷ್ಟು ದೊಡ್ಡದು, ಇಟ್ಟಿಗೆಯಷ್ಟು ಗಟ್ಟಿ. ಬೆವರೊರೆಸಿಕೊಂಡು, ಮೂಲೆಯಲ್ಲಿದ್ದ ಬಟ್ಟೆ ಬಡಿಯುವ ಮರದ ಕೊಡತಿಯನ್ನು ತಂದು, ಹಿಂದೆಯೇ ಬಂದು ನಿಂತಿದ್ದ ಗಂಡನ ಮುಂದಿಟ್ಟಳು.

"ಅವಳ ಮಣ್ಣಲ್ಲಿ ಒಡೆಯಕ್ಕೆ ಏನಿದೆ ರೀ? ಬೆಣ್ಣೆ ಅದು. ಮುಟ್ಟಿದರೆ ಪುಡಿ. ಇಲ್ಲಿ ನೋಡಿ, ವರ್ಷ ಪೂರ್ತಿ ಒಡೆದರೂ ಮುಗಿಯಲ್ಲ."

ಯಜಮಾನರು ಹೆಂಟೆಗಳನ್ನು ನೋಡಿದರು. ಕೊಡತಿ ನೋಡಿದರು. ಟವಲನ್ನು ಹೆಗಲಿಂದ ತೆಗೆದು ಮಡಚಿ ನೆಲಕ್ಕೆ ಹಾಕಿ ಅದರ ಮೇಲೆ ಕುಳಿತರು. ಮೊದಲ ಏಟಿಗೆ ಹೆಂಟೆ ಜಗ್ಗಲಿಲ್ಲ. ಎರಡನೆಯದಕ್ಕೂ ಇಲ್ಲ. ಮೂರನೆಯದಕ್ಕೆ ಇಬ್ಭಾಗವಾಯಿತು.

"ಕಲ್ಲು ಕಣೇ ಇದು!" ಎಂದು ನಕ್ಕರು.

ಆ ನಗು ಈ ಸಲ ಗೋಡೆಯ ಈಚೆಗಿತ್ತು. ದೊಡ್ಡಮ್ಮ ಕಸಬರಿಕೆ ಹುಡುಕಲಿಲ್ಲ. ಪುಡಿಯೆದ್ದು ಅವರ ಪಂಚೆಯ ಮೇಲೆ, ಒಣಹಾಕಿದ ಹೊದಿಕೆಯ ಮೇಲೆ ಕೂತರೂ ಸುಮ್ಮನಿದ್ದಳು. ಹೊದಿಕೆಯನ್ನು ಇನ್ನೊಮ್ಮೆ ಒಗೆದರಾಯಿತು, ನೀರನ್ನು ಚರಂಡಿಗೆ ಬಿಟ್ಟು.

ಮಾರನೆಯ ದಿನ ಬೆಳಿಗ್ಗೆ ಆರೂವರೆಗೆ ಅವಳು ಎಲೆಯ ರಾಶಿ ಬಿಚ್ಚಿದಳು. ಚಷ್ಮಾದವಳು ಕಲಿಸಿದ ಹಾಗೆ ದುಂಡಗೆ ಹರಡಿ, ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡು ಭಾಗವನ್ನು ಮೊರಕ್ಕೆ ತುಂಬಿ ಗೋಡೆಯಾಚೆ ಎಸೆದಳು. ಆಚೆ ಒಲೆ ಹಚ್ಚಿದ ಸದ್ದು ಕೇಳಿಸಿತು. ಎಸೆದಿದ್ದರಲ್ಲಿ ಕಡ್ಡಿಯೇ ಹೆಚ್ಚು, ನಯವಾದ ಎಲೆಯೆಲ್ಲ ಈಚೆ ಉಳಿದಿತ್ತು. ಅದನ್ನು ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಎಂಟು ಗಂಟೆಗೆ ಆಚೆಯಿಂದ ಕೂಗು ಬಂತು: "ಭಾವ, ಟೊಮೆಟೊಗೆ ಕೋಲು ಕಟ್ಟಬೇಕು, ಬರ್ತೀರಾ?"

ಯಜಮಾನರು ಉತ್ತರ ಕೊಡುವ ಮೊದಲೇ ದೊಡ್ಡಮ್ಮ ತೊಟ್ಟಿಯೊಳಗಿಂದ ಗಂಟಲೆತ್ತಿದಳು: "ನಾಳೆ ಬರ್ತಾರೆ ಕಣೇ! ಇವತ್ತು ಅವರಿಗೆ ಕೆಲಸ ಇದೆ."